ಅದೇ ಕೆಂಪು ಔಷಧಿ, ಬೇರೆ ಹೊದಿಕೆ

ಪ್ರಶ್ನೆ: ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಮತ್ತೆ ಬಂದಿದೆ. ಈ ಸಲ ಲೈಪೋಸೋಮಲ್ ಡಾಕ್ಸೋರುಬಿಸಿನ್ ಕೊಡುತ್ತಾರಂತೆ. ಅದು ನ್ಯಾನೋ ಔಷಧಿ, ನೇರ ಗೆಡ್ಡೆಗೇ ಹೋಗುತ್ತದೆ, ಅಡ್ಡ ಪರಿಣಾಮವೇ ಇಲ್ಲ ಎನ್ನುತ್ತಾರೆ ನೆಂಟರೊಬ್ಬರು. ನಿಜವೇ?

ಉತ್ತರ: ಅರ್ಧ ನಿಜ. ಕೀಮೋ ಔಷಧಿಗಳನ್ನು ಸಿದ್ಧಮಾಡಿ ಕೊಡುವುದೇ ಫಾರ್ಮಸಿಸ್ಟ್ ಆದ ನನ್ನ ಕೆಲಸ. ಈ ಔಷಧಿಯ ಎರಡೂ ಬಗೆ ನನ್ನ ಕೈಮೇಲೆ ಹಾದುಹೋಗುತ್ತವೆ. ಮಾಮೂಲಿಯದು ಕೆಂಪಗಿದ್ದರೂ ತಿಳಿ. ಲೈಪೋಸೋಮಲ್ ಕೂಡ ಕೆಂಪೇ, ಆದರೆ ಸ್ವಲ್ಪ ಮಬ್ಬು. ಆ ಮಬ್ಬೇ ನ್ಯಾನೋ ಕಣಗಳು! ಔಷಧಿ ತುಂಬಿದ ಕೊಬ್ಬಿನ ಗುಳ್ಳೆಗಳು, ಒಂದೊಂದೂ ಸುಮಾರು 100 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣದ ಅಗಲಕ್ಕೆ ಇಂಥ 70 ಗುಳ್ಳೆ ಸಾಲಾಗಿ ನಿಲ್ಲಬಹುದು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1995ರಲ್ಲೇ.

ಗೆಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಗೋಡೆಯಲ್ಲಿ ಸಂದುಗಳಿರುತ್ತವೆ. ಗುಳ್ಳೆಗಳು ಅಲ್ಲಿಂದ ಒಳಗೆ ಸೋರುತ್ತವೆ. ದೊಡ್ಡ ಅಣುಗಳು ಹೀಗೆ ಗೆಡ್ಡೆಯೊಳಗೆ ಸೋರುವುದನ್ನು ಜಪಾನಿನ ವಿಜ್ಞಾನಿಗಳಾದ ಮತ್ಸುಮುರಾ ಮತ್ತು ಮಯೆದಾ 1986ರಲ್ಲಿ ತೋರಿಸಿಕೊಟ್ಟರು. ಆದರೆ ಗುಳ್ಳೆಗೆ ದಾರಿ ತೋರಿಸುವವರು ಯಾರೂ ಇಲ್ಲ, ಅಲ್ವಾ? ರಕ್ತ ಹರಿದಲ್ಲೆಲ್ಲ ಹೋಗುತ್ತದೆ. ಬಹುಪಾಲನ್ನು ಲಿವರ್, ಗುಲ್ಮ ಹಿಡಿದುಕೊಳ್ಳುತ್ತವೆ. ಪ್ರಾಣಿಗಳ ಮೇಲೆ ಹತ್ತು ವರ್ಷ ನಡೆದ ನ್ಯಾನೋ ಪ್ರಯೋಗಗಳನ್ನು 2016ರಲ್ಲಿ ಒಟ್ಟಿಗಿಟ್ಟು ನೋಡಿದರು. ಕೊಟ್ಟ ಕಣಗಳಲ್ಲಿ ಗೆಡ್ಡೆ ಮುಟ್ಟಿದ್ದು ಸಾಮಾನ್ಯವಾಗಿ ಶೇಕಡ 0.7 ಮಾತ್ರ.

ಹಾಗಾದರೆ ಇದನ್ನೇ ಯಾಕೆ ಕೊಡಬೇಕು? ಹೃದಯಕ್ಕಾಗಿ. ಮಾಮೂಲಿ ಡಾಕ್ಸೋರುಬಿಸಿನ್ ಮೈಗೆ ಸೇರಿದಷ್ಟೂ ಹೃದಯದ ಸ್ನಾಯು ಸೋಲುತ್ತದೆ. ಹೃದಯದ ರಕ್ತನಾಳಗಳಲ್ಲಿ ಅಂಥ ಸಂದುಗಳಿಲ್ಲ, ಗುಳ್ಳೆ ಸುಲಭಕ್ಕೆ ನುಸುಳದು. ಕೂದಲು ಉದುರುವುದೂ ಕಡಿಮೆ. ನನಗೆ ಇದೇ ದೊಡ್ಡ ಲಾಭ ಅನಿಸುತ್ತದೆ.

ತೊಂದರೆ ಅಂಗೈ, ಅಂಗಾಲಿಗೆ. ಕೆಂಪಾಗಿ ಉರಿಯುತ್ತದೆ, ಜಾಸ್ತಿಯಾದರೆ ಸಿಪ್ಪೆ ಏಳುತ್ತದೆ. ಒಬ್ಬ ತಾಯಿ ಉರಿಯನ್ನು ಯಾರಿಗೂ ಹೇಳದೆ ಸಹಿಸಿಕೊಂಡಿದ್ದರು. ಮುಂದಿನ ಡೋಸ್‌ಗೆ ಬಂದಾಗ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಆ ಕೈ ಇನ್ನೂ ನನ್ನ ಕಣ್ಣಮುಂದಿದೆ. ಉರಿ ಶುರುವಾದ ದಿನವೇ ಡಾಕ್ಟರಿಗೆ ಹೇಳಿ. ಡೋಸ್ ಕಡಿಮೆ ಮಾಡಬಹುದು, ಮುಂದಕ್ಕೆ ಹಾಕಬಹುದು. ಔಷಧಿ ಕೊಟ್ಟ ಮೊದಲ ಕೆಲವು ದಿನ ಅಮ್ಮನಿಗೆ ಬಿಸಿನೀರು, ಬಿಗಿ ಚಪ್ಪಲಿ ಬೇಡ. ಡ್ರಿಪ್ ನಡೆಯುವಾಗ ಎದೆ ಬಿಗಿದರೆ, ಮುಖ ಬಿಸಿಯಾದರೆ ಕೂಡಲೇ ನರ್ಸ್‌ಗೆ ತಿಳಿಸಲಿ.

ಇನ್ನೊಂದು ಮಾತು. ಎರಡು ಬಗೆಯ ಡೋಸ್ ಲೆಕ್ಕವೇ ಬೇರೆ, ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. ಚೀಟಿಯಲ್ಲಿ ಬರೀ ‘ಡಾಕ್ಸೋರುಬಿಸಿನ್’ ಎಂದಿದ್ದರೆ, ಯಾವುದು ಎಂದು ಡ್ರಿಪ್ ಹಾಕುವ ಮುಂಚೆಯೇ ಕೇಳಿ. ಸಂಕೋಚ ಬೇಡ.