ಸರಾಸರಿ ಬೆಲೆಯ ಹಾಳೆ

ಹಳೆಯ ಲೆಕ್ಕ ತಿದ್ದಬೇಕು ಅಂದ ಕಂಪನಿಯ ಷೇರು ಅಗ್ಗವಾಗಿದೆ, ಇನ್ನಷ್ಟು ಕೊಳ್ಳಲೇ? ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಇದೇ ಪ್ರಶ್ನೆ ಹೊತ್ತು ಬಂದವರಲ್ಲಿ ಇವರು ಮೂರನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ನಡುವಯಸ್ಸಿನ ನೌಕರರು. ಉಳಿತಾಯದ ದೊಡ್ಡ ಪಾಲು ಒಂದೇ ಕಂಪನಿಯ ಷೇರಿನಲ್ಲಿತ್ತು. ಹಿಂದಿನ ಎರಡು ವರ್ಷದ ಲಾಭದ ಲೆಕ್ಕ ತಿದ್ದಬೇಕಾಗಬಹುದು, ಅಲ್ಲಿವರೆಗೆ ಹಳೆಯ ಅಂಕಿ ನೆಚ್ಚಬೇಡಿ ಎಂದು ಆ ಕಂಪನಿ ಹೇಳಿತ್ತು. ಬೆಲೆ ಅರ್ಧಕ್ಕಿಳಿದಿತ್ತು. ಇವರಿಗೆ ನಿದ್ದೆಯಿಲ್ಲ. ಹೆಂಡತಿಗೆ ತಿಳಿಸಿರಲಿಲ್ಲ.

ಮೂರನೇ ಭೇಟಿಯಲ್ಲಿ ಜೇಬಿನಿಂದ ಮಡಚಿದ ಹಾಳೆ ತೆಗೆದರು. ಈಗ ಇನ್ನಷ್ಟು ಕೊಂಡರೆ ಒಂದೊಂದು ಷೇರಿಗೆ ತಾವು ಕೊಟ್ಟ ಸರಾಸರಿ ಬೆಲೆ ಎಷ್ಟಕ್ಕೆ ಇಳಿಯುತ್ತೆ ಅಂತ ಪೆನ್ಸಿಲ್ಲಿನ ಲೆಕ್ಕ. ಅಳಿಸಿ ಅಳಿಸಿ ಒಂದು ಕಡೆ ತೂತಾಗಿತ್ತು.

"ಲಾಭಕ್ಕೆ ಹೋಲಿಸಿದ್ರೆ ಇಷ್ಟು ಅಗ್ಗಕ್ಕೆ ಯಾವತ್ತೂ ಸಿಕ್ಕಿಲ್ಲ ಮೇಡಂ."

"ಯಾವ ಲಾಭ?" ಎಂದೆ.

ತುಂಬಾ ಹೊತ್ತು ಹಾಳೆಯನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಅವರೇ ನೆಚ್ಚಬೇಡಿ ಅಂದಿದ್ದು, ಅಲ್ವಾ?" ಎಂದರು.

ಆಗ ನೇರವಾಗಿ ಹೇಳಿದೆ. ತಿದ್ದಿದ, ಆಡಿಟ್ ಆದ ಲೆಕ್ಕ ಬರುವವರೆಗೆ ಒಂದು ಷೇರನ್ನೂ ಕೊಳ್ಳಬೇಡಿ. ಪೂರ್ತಿ ಹೋದರೂ ಮನೆ ನಡೆಯುತ್ತೆ ಅನ್ನುವಷ್ಟು ಮಾತ್ರ ಇಟ್ಟುಕೊಳ್ಳಿ. ಇವತ್ತೇ ಮನೆಯಲ್ಲಿ ಹೇಳಿ. ಹೊಸ ಲೆಕ್ಕ ಬಂದಾಗ ಲಾಭಕ್ಕಿಂತ ಮೊದಲು ನಗದು ಹರಿವು, ಅಂದರೆ ಕಂಪನಿಯ ಕೈಗೆ ನಿಜವಾಗಿ ಬಂದುಹೋದ ಹಣ, ನೋಡಿ. ಲಾಭ ಬೆಳೆಯುತ್ತಾ ಹೋಗಿ ಕೈಗೆ ಹಣ ಬರದೇ ಇದ್ದರೆ ಯಾಕೆ ಅಂತ ಕೇಳಿ.

ಆಪ್ತಸಲಹೆಗಾರರು ಷೇರಿನ ವಿಷಯಕ್ಕೆ ಕೈಹಾಕಬಾರದು ಎನ್ನುವವರಿದ್ದಾರೆ. ಬೆಲೆ ಏರುತ್ತೋ ಇಳಿಯುತ್ತೋ ನಾನು ಹೇಳಲಿಲ್ಲ. ಆದರೆ ನಿದ್ದೆ ಕೆಡಿಸಿದ್ದು ಷೇರು ಅಂತ ಗೊತ್ತಿದ್ದೂ ಸುಮ್ನೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಲು ನನ್ನಿಂದಾಗದು.

ಲೆಕ್ಕ ತಿದ್ದುವುದೆಲ್ಲ ಮೋಸವಲ್ಲ. 2005ರ ಆಸುಪಾಸಿನಲ್ಲಿ ಅಮೆರಿಕದ ಎಷ್ಟೋ ಅಂಗಡಿ, ಹೋಟೆಲ್ ಸರಪಳಿಗಳು ಬಾಡಿಗೆ ಒಪ್ಪಂದಗಳ ಲೆಕ್ಕ ತಿದ್ದಿ ಮುಂದೆ ನಡೆದವು. ಮೋಸದ ಲೆಕ್ಕ ಬರೆದಿದ್ದ ಅಮೆರಿಕದ ಇಂಧನ ಕಂಪನಿ ಎನ್ರಾನ್ ಮಾತ್ರ 1997ರಿಂದೀಚಿನ ಲಾಭ ತಿದ್ದುವುದಾಗಿ 2001ರ ನವೆಂಬರ್ 8ರಂದು ಹೇಳಿ, ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. ಮೊದಲ ದಿನ ಹೊರಗೆ ನಿಂತವರಿಗೆ ಈ ಎರಡು ಬಗೆಯ ತಿದ್ದುಪಡಿಗಳೂ ಒಂದೇ ಥರ ಕಾಣುತ್ತವೆ. ನನ್ನ ಸಲಹೆ ನಿಂತಿರುವುದು ಇದರ ಮೇಲೆಯೇ.

ಅವರು ಅರ್ಧದಷ್ಟು ಮಾರಿದರು. ಇನ್ನೂ ಜಾಸ್ತಿ ಮಾರಬೇಕಿತ್ತು ಅಂತ ಈಗಲೂ ನನಗನಿಸುತ್ತೆ. ಮುಂದಿನ ಭೇಟಿಗೆ ಇಬ್ಬರೂ ಬಂದರು. ಹಾಳೆ ಹೆಂಡತಿಯ ಕೈಯಲ್ಲಿತ್ತು. ಅದರ ಹಿಂಬದಿಯಲ್ಲಿ ಮನೆಯ ತಿಂಗಳ ಖರ್ಚನ್ನು ಪೆನ್ನಲ್ಲಿ ಬರೆದಿದ್ದರು.