ಡ್ರೈವ್‌ವೇ ಹಿಮ ತಳ್ಳಲು ಟ್ರ್ಯಾಕ್ ಬೇಕಾ? ಮೊದಲು ಟೈರಿನ ಗಾಳಿ ನೋಡಿ

ನಮಸ್ಕಾರ. ನಿಮ್ಮ ಪ್ರಶ್ನೆ ನಿಧಾನವಾಗಿ ಓದಿದೆ. ಹಾಸನದಿಂದ ಕೆನಡಾದ ಥಂಡರ್ ಬೇಗೆ ಬಂದ ಮೇಲೆ ಇದು ನಿಮ್ಮ ಮೊದಲ ಚಳಿಗಾಲ. ಕಕಬೆಕಾ ಫಾಲ್ಸ್ ಕಡೆ ಊರಾಚೆ ಮನೆ, ರಸ್ತೆಯಿಂದ ಬಾಗಿಲವರೆಗೆ ನೂರು ಮೀಟರಿಗೂ ಉದ್ದದ ಜಲ್ಲಿ ಡ್ರೈವ್‌ವೇ, ಹಿಮ ತಳ್ಳಲಿಕ್ಕೆ ಅಂತ ಪ್ಲೋ (ಮುಂದುಗಡೆ ಹಿಮ ತಳ್ಳುವ ಬ್ಲೇಡು) ಸಮೇತ ಹಳೇ 500 ಸಿಸಿ ಎಟಿವಿ, ಅಂದರೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ ತೆಗೆದುಕೊಂಡಿದ್ದೀರಿ, ಅದು ಅರ್ಧ ದಾರಿಯಲ್ಲೇ ಸುಮ್ನೆ ಚಕ್ರ ತಿರುಗಿಸುತ್ತಾ ನಿಂತುಬಿಡುತ್ತದೆ. ಅಂಗಡಿಯವರು ಚಕ್ರಗಳ ಬದಲು ಟ್ರ್ಯಾಕ್ (ಅಗಲವಾದ ರಬ್ಬರ್ ಪಟ್ಟಿ) ಹಾಕಿಸಿ ಅಂತ ಆರು ಸಾವಿರ ಡಾಲರ್ ಲೆಕ್ಕ ಕೊಟ್ಟಿದ್ದಾರೆ. ಹಾಕಿಸಲಾ, ಟೈರಿಗೆ ಸುತ್ತುವ ಚೈನ್ ಸಾಕಾ, ಇಲ್ಲ ಟೈರ್ ಬದಲಿಸಲಾ ಅಂತ ಕೇಳಿದ್ದೀರಿ. ಮನೆಯವರಿಗೆ ಈ ಚಳಿಗಾಲ ಹೇಗೆ ಕಳೆಯುತ್ತೇವೋ ಅಂತ ಭಯವಾಗಿದೆ ಅಂತಲೂ ಬರೆದಿದ್ದೀರಿ.

ಟ್ರ್ಯಾಕ್ ಬೇಡ. ಈ ವರ್ಷವಂತೂ ಬೇಡವೇ ಬೇಡ. ನಿಮಗೆ ಬೇಕಾದದ್ದು ಟೈರಲ್ಲಿ ಸರಿಯಾದ ಗಾಳಿ, ಹಿಂದುಗಡೆ ಒಂದಿಷ್ಟು ಭಾರ, ಆಮೇಲೆ ಒಂದು ಜೊತೆ ಚೈನು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಾನು 2008ರಿಂದ ಈ ಕಡೆಯೇ ಇದ್ದೇನೆ, ಬಂದ ಹೊಸತರಲ್ಲಿ ಇಷ್ಟನ್ನು ಕನ್ನಡದಲ್ಲಿ ಹೇಳುವವರು ಯಾರೂ ಇರಲಿಲ್ಲ.

ಊರಲ್ಲಿ ಕೂತು ನೋಡಿದರೆ ಹಿಮ ಎಲ್ಲ ಒಂದೇ ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ಮೈನಸ್ 25ರಲ್ಲಿ ಬಿದ್ದದ್ದು ಒಣ ಪುಡಿ, ಕೈಯಲ್ಲಿ ಒತ್ತಿದರೂ ಉಂಡೆ ಕಟ್ಟುವುದಿಲ್ಲ. ಸೊನ್ನೆಯ ಹತ್ತಿರ ಬಿದ್ದದ್ದು ಒದ್ದೆ, ತುಂಬಾ ಭಾರ, ಟೈರಿನ ಹಲ್ಲುಗಳ ಸಂದಿಗೆ ಸೇರಿಕೊಂಡು ಟೈರನ್ನೇ ನುಣುಪು ಮಾಡಿಬಿಡುತ್ತದೆ. ಕಾರು ಓಡಾಡಿ ಒತ್ತಿದ ಹಿಮ ಇನ್ನೊಂದು ತರಹ. ಅದು ಮಧ್ಯಾಹ್ನ ಸ್ವಲ್ಪ ಕರಗಿ ರಾತ್ರಿ ಗಟ್ಟಿಯಾದರೆ ಪೂರ್ತಿ ಐಸ್. ಸಡಿಲವಾದ ಆಳದ ಹಿಮದಲ್ಲಿ ಗಾಡಿ ಮುಳುಗದೆ ಮೇಲೆ ನಿಲ್ಲಬೇಕು. ಒತ್ತಿದ ಹಿಮ, ಐಸ್ ಮೇಲೆ ಚಕ್ರ ಕಚ್ಚಿ ಹಿಡಿಯಬೇಕು. ಇವೆರಡೂ ಬೇರೆ ಬೇರೆ ಕೆಲಸ. ಮೇಲೆ ನಿಲ್ಲಿಸುವುದು ಟ್ರ್ಯಾಕು, ಕಚ್ಚುವುದು ಚೈನು. ನಮ್ಮಲ್ಲಿ ಕೆಸರು ಗದ್ದೆಗೆ ಇಳಿಯುವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕಿ, ಟಾರ್ ರಸ್ತೆಗೆ ಬರುವ ಮೊದಲು ಬಿಚ್ಚುತ್ತಾರಲ್ಲ, ಇಲ್ಲೂ ಅದೇ ಲೆಕ್ಕ: ಕೆಳಗೆ ಏನಿದೆ ನೋಡಿ ಚಕ್ರಕ್ಕೆ ಹಾಕಬೇಕು.

ಈಗ ನಿಮ್ಮ ಡ್ರೈವ್‌ವೇ ನೋಡಿ. ಹಿಮ ಬಿದ್ದ ಹಾಗೆಲ್ಲ ತಳ್ಳುತ್ತೀರಿ, ಆದ್ದರಿಂದ ಅಲ್ಲಿ ಆಳದ ಹಿಮ ನಿಲ್ಲುವುದೇ ಇಲ್ಲ. ಅಡಿಯಲ್ಲಿ ಉಳಿಯುವುದು ಒತ್ತಿದ ಹಿಮ ಮತ್ತು ಐಸ್. ಅಂದರೆ ನಿಮಗೆ ಬೇಕಾದದ್ದು ಕಚ್ಚು. ಇದಕ್ಕೆ ಆರು ಸಾವಿರ ಯಾಕೆ ಸುರಿಯಬೇಕು?

ಮೊದಲು ಗಾಳಿ, ಯಾಕೆಂದರೆ ಇದಕ್ಕೆ ದುಡ್ಡೇ ಬೇಡ. ಎಟಿವಿ ಟೈರಲ್ಲಿ ಇರುವುದೇ ಐದಾರು ಪಿಎಸ್ಐ. ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಜಾಸ್ತಿ ಇದೆ ಅನ್ನುವುದನ್ನು ಮಾತ್ರ. ಗೇಜ್ 5 ಅಂದರೆ ಒಳಗೆ ನಿಜವಾಗಿ ಇರುವುದು ಸುಮಾರು 20. ಚಳಿಗೆ ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ ಆ ಪೂರ್ತಿ 20ರ ಮೇಲೆ. ಬೆಚ್ಚಗಿನ ಗ್ಯಾರೇಜಲ್ಲಿ, 20 ಡಿಗ್ರಿಯಲ್ಲಿ, 5 ಪಿಎಸ್ಐ ತುಂಬಿಸಿ ಮೈನಸ್ 30ರಲ್ಲಿ ಹೊರಗೆ ನಿಲ್ಲಿಸಿದರೆ ಗೇಜಲ್ಲಿ ಒಂದೂವರೆ ಚಿಲ್ಲರೆ ಮಾತ್ರ ಉಳಿಯುತ್ತದೆ. ಅಷ್ಟು ಸಡಿಲವಾದ ಟೈರು ಪ್ಲೋ ಒತ್ತಿ ತಿರುಗಿಸುವಾಗ ರಿಮ್ಮಿನಿಂದ ಕಳಚಿಕೊಳ್ಳಬಹುದು. ಆದ್ದರಿಂದ ಗಾಡಿ ಹೊರಗೆ ಒಂದೆರಡು ಗಂಟೆ ನಿಂತು ತಣ್ಣಗಾದ ಮೇಲೆ ಅಲ್ಲೇ ಗಾಳಿ ನೋಡಿ. ಕಾರಿನ ಗೇಜ್ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ಓದುವುದಿಲ್ಲ, ಎಟಿವಿಗೆ ಅಂತಲೇ ಸಿಗುವ ಸಣ್ಣ ಅಳತೆಯ ಗೇಜ್ ತನ್ನಿ. ಪ್ಲೋ ಕೆಲಸಕ್ಕೆ ಗಾಡಿಯ ಮೇಲಿನ ಸ್ಟಿಕ್ಕರಲ್ಲಿ ಬರೆದಷ್ಟೇ ಇಡಿ. ಕಾಡಿನ ದಾರಿಯಲ್ಲಿ ಸಡಿಲ ಹಿಮಕ್ಕೆ ಹೋಗುವುದಾದರೆ ಒಂದು ಪಿಎಸ್ಐನಷ್ಟು ಇಳಿಸಿದರೆ ಟೈರು ಅಗಲವಾಗಿ ಕೂತು ಕಡಿಮೆ ಮುಳುಗುತ್ತದೆ. ಅದಕ್ಕಿಂತ ಇಳಿಸಬೇಡಿ.

ಜೊತೆಗೆ ಗಾಡಿ ನಿಜಕ್ಕೂ ಫೋರ್ ವೀಲ್ ಡ್ರೈವಿಗೆ ಬಿದ್ದಿದೆಯಾ ನೋಡಿ. ಹಳೇ ಗಾಡಿಗಳಲ್ಲಿ ಬಟನ್ ಒತ್ತಿದರೂ ಮುಂದಿನ ಚಕ್ರಕ್ಕೆ ಶಕ್ತಿ ಹೋಗದೆ ಇರುವುದುಂಟು. ಐಸ್ ಮೇಲೆ ನಿಧಾನಕ್ಕೆ ಥ್ರಾಟಲ್ ಕೊಟ್ಟು ಮುಂದಿನ ಚಕ್ರ ತಿರುಗುತ್ತದಾ ಅಂತ ಮನೆಯವರಿಗೆ ಪಕ್ಕದಲ್ಲಿ ದೂರ ನಿಂತು ನೋಡಲು ಹೇಳಿ. ಡಿಫ್ ಲಾಕ್ (ಎಡ ಬಲ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡುವ ಬೀಗ) ಇದ್ದರೆ ನೇರ ತಳ್ಳುವಾಗ ಹಾಕಿ, ತಿರುಗಿಸುವಾಗ ತೆಗೆಯಿರಿ. ಹಾಕಿಕೊಂಡೇ ತಿರುಗಿಸಿದರೆ ಹ್ಯಾಂಡಲ್ ಕಲ್ಲಿನ ಹಾಗೆ ಬಿಗಿಯಾಗುತ್ತದೆ.

ಆಮೇಲೆ ಭಾರ. ಪ್ಲೋ ಮುಂದೆ ಇರುವುದರಿಂದ ಹಿಂದುಗಡೆ ಹಗುರ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಉದ್ದನೆಯ ಮರಳು ಚೀಲ ಸಿಗುತ್ತವೆ, ಎರಡನ್ನು ಹಿಂದಿನ ರ‍್ಯಾಕಿಗೆ ಬಿಗಿಯಾಗಿ ಕಟ್ಟಿ. ರ‍್ಯಾಕ್ ಎಷ್ಟು ತಡೆಯುತ್ತದೆ ಅಂತ ಅಲ್ಲೇ ಬರೆದಿರುತ್ತದೆ, ಮೀರಬೇಡಿ. ಎಲ್ಲಾದರೂ ಐಸಲ್ಲಿ ಸಿಕ್ಕಿಕೊಂಡರೆ ಅದೇ ಚೀಲ ಕತ್ತರಿಸಿ ಚಕ್ರದ ಮುಂದೆ ಮರಳು ಎರಚಬಹುದು.

ಹೊಸ ಟೈರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ದೊಡ್ಡ ಹಲ್ಲಿನ ಮಡ್ ಟೈರ್ ನೋಡಲು ಗಟ್ಟಿಮುಟ್ಟು. ಆದರೆ ಆಳದ ಹಿಮದಲ್ಲಿ ಅದು ಗುಂಡಿ ತೋಡಿ ಗಾಡಿಯ ಹೊಟ್ಟೆ ಹಿಮಕ್ಕೆ ತಾಗುವ ಹಾಗೆ ಮಾಡುತ್ತದೆ, ಐಸ್ ಮೇಲೆ ಆ ಗಟ್ಟಿ ರಬ್ಬರು ಜಾರುತ್ತದೆ. ಈಗಿರುವ ಟೈರಿನ ಹಲ್ಲು ಪೂರ್ತಿ ಸವೆದಿಲ್ಲ ಅಂದರೆ ಹಾಗೇ ಬಿಡಿ.

ಚೈನ್ ಮಾತ್ರ ಹುಷಾರಾಗಿ ಆರಿಸಿ. ಏಣಿಯ ಮೆಟ್ಟಿಲಿನ ತರಹ ಅಡ್ಡ ಸಾಲು ಇರುವುದು ಅಗ್ಗ, ನೇರ ತಳ್ಳಲು ಚೆನ್ನಾಗಿದೆ, ಆದರೆ ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಡೈಮಂಡ್ ಆಕಾರದ ಬಲೆ ಇರುವುದು ಎಲ್ಲ ಕಡೆಗೂ ಹಿಡಿಯುತ್ತದೆ. ವಿ-ಬಾರ್ ಅಂತ ಬರುವುದರಲ್ಲಿ ಕೊಂಡಿಗಳ ಮೇಲೆ ಚೂಪಾದ ಕಬ್ಬಿಣದ ತುಂಡು ಬೆಸುಗೆ ಹಾಕಿರುತ್ತಾರೆ, ಐಸಿಗೆ ಅದೇ ಒಳ್ಳೆಯದು. ನಿಮ್ಮ ಡ್ರೈವ್‌ವೇಯಲ್ಲಿ ಇಳಿಜಾರು ಇದ್ದರೆ ವಿ-ಬಾರ್ ತನ್ನಿ. ಒಂದೇ ಜೊತೆ ತರುವುದಾದರೆ ಹಿಂದಿನ ಚಕ್ರಕ್ಕೆ ಹಾಕಿ. ಮುಂದಕ್ಕೆ ಹಾಕಿದರೆ ತಿರುಗಿಸಲು ಹಿಡಿತ ಸಿಗುತ್ತದೆ ನಿಜ, ಆದರೆ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಚೈನು ಬ್ರೇಕ್ ಪೈಪಿಗೆ ತಾಗುವ ಅಪಾಯ ಇದೆ. ಹಿಂದೆ ಹಾಕಿದಾಗಲೂ ಫೆಂಡರಿಗೂ ಚೈನಿಗೂ ನಡುವೆ ಜಾಗ ಇದೆಯಾ, ರ‍್ಯಾಕಲ್ಲಿ ಭಾರ ಇಟ್ಟು ಗಾಡಿ ಕೆಳಗೆ ಕೂತಾಗಲೂ ಇದೆಯಾ ಅಂತ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ.

ಹಾಕುವ ಕ್ರಮ ನಮ್ಮ ಪಕ್ಕದ ಮನೆಯ ಫಿನ್ನಿಶ್ ಮೂಲದ ಅಜ್ಜ ಹೇಳಿಕೊಟ್ಟದ್ದು. ಈ ಊರಲ್ಲಿ ಫಿನ್‌ಲ್ಯಾಂಡಿನಿಂದ ಬಂದವರ ಕುಟುಂಬಗಳು ತುಂಬಾ ಇವೆ, ಹಿಮದ ವಿಷಯದಲ್ಲಿ ಅವರ ಮಾತು ಕೇಳಿದರೆ ನಷ್ಟವಿಲ್ಲ. ಚೈನನ್ನು ಹಿಂದಿನ ರಾತ್ರಿ ಮನೆಯೊಳಗೆ ಇಡಿ, ತಣ್ಣನೆಯ ಕಬ್ಬಿಣ ಬರಿಗೈಗೆ ಅಂಟಿಕೊಳ್ಳುತ್ತದೆ. ಮೊದಲು ಟೈರಿಗೆ ಗಾಳಿ ಸರಿ ಮಾಡಿ, ಆಮೇಲೆ ಚೈನು. ಉಲ್ಟಾ ಮಾಡಿದರೆ ಗಾಳಿ ಇಳಿದಾಗ ಚೈನು ಸಡಿಲವಾಗುತ್ತದೆ. ಚೂಪು ಕಡೆ ಹೊರಕ್ಕೆ ಬರುವ ಹಾಗೆ ಟೈರಿನ ಮೇಲೆ ಹೊದಿಸಿ, ಸ್ವಲ್ಪ ಮುಂದಕ್ಕೆ ಉರುಳಿಸಿ, ಒಳಗಿನ ಕೊಕ್ಕೆ ಮೊದಲು, ಹೊರಗಿನದು ಆಮೇಲೆ. ಹೊರಗಿನ ಕೊಂಡಿಗಳಿಗೆ ಚೈನನ್ನು ಬಿಗಿ ಹಿಡಿಯುವ ರಬ್ಬರ್ ಟೆನ್ಷನರ್ ಸುತ್ತಲೂ ಎಳೆದು ಹಾಕಿ. ಡ್ರೈವ್‌ವೇ ತುದಿವರೆಗೆ ನಿಧಾನಕ್ಕೆ ಹೋಗಿ ಬಂದು ಮತ್ತೆ ಬಿಗಿ ಮಾಡಿ. ಮೊದಲ ಸಲ ಖಂಡಿತ ಒಂದೆರಡು ಕೊಂಡಿ ಸಡಿಲ ಸಿಗುತ್ತದೆ. ಉಳಿದ ತುದಿಯನ್ನು ತೂಗುಬಿಡಬೇಡಿ, ತಂತಿಯಲ್ಲಿ ಕಟ್ಟಿ.

ತಳ್ಳುವ ವಿಧಾನವೂ ಹಿಡಿತದ ಅರ್ಧ ಕೆಲಸ. ಒಂದು ಗೇಣು ಹಿಮ ಆಗಲಿ ಅಂತ ಕಾಯಬೇಡಿ, ಹತ್ತು ಸೆಂಟಿಮೀಟರ್ ಆಗುವಷ್ಟರಲ್ಲೇ ಇಳಿಯಿರಿ. ಕಾರು ಓಡಿಸುವ ಮೊದಲೇ ತಳ್ಳಿ, ಕಾರಿನ ಚಕ್ರ ಒತ್ತಿದ ಜಾಗವೇ ಆಮೇಲೆ ಐಸ್ ಆಗುವುದು. ಲೋ ಗೇರಲ್ಲಿ, ನಡೆಯುವ ವೇಗದಲ್ಲಿ. ನವೆಂಬರ್, ಡಿಸೆಂಬರ್‌ನಲ್ಲಿ ಹಿಮವನ್ನು ಅಂಚಿನಿಂದ ಆದಷ್ಟು ದೂರಕ್ಕೆ ಒಯ್ಯಿರಿ. ಹತ್ತಿರ ಬಿಟ್ಟರೆ ಆ ದಿಬ್ಬ ಗಟ್ಟಿಯಾಗಿ ಫೆಬ್ರವರಿ ಹೊತ್ತಿಗೆ ಕಾರು ಹೋಗಲಿಕ್ಕೂ ಜಾಗ ಇರುವುದಿಲ್ಲ. ನೆಲ ಹೆಪ್ಪುಗಟ್ಟುವವರೆಗೆ ಪ್ಲೋದ ಕೆಳಗಿನ ಸ್ಕಿಡ್ ಶೂ ಇಳಿಸಿ ಬ್ಲೇಡನ್ನು ಸ್ವಲ್ಪ ಎತ್ತರದಲ್ಲಿ ಇಡಿ, ಇಲ್ಲದಿದ್ದರೆ ಜಲ್ಲಿಯೆಲ್ಲ ಹುಲ್ಲಿಗೆ ಹೋಗುತ್ತದೆ. ಹಿಮವನ್ನು ಮಾತ್ರ ಸಾರ್ವಜನಿಕ ರಸ್ತೆಗೆ ತಳ್ಳಬೇಡಿ, ಒಂಟಾರಿಯೋದಲ್ಲಿ ಅದು ಕಾನೂನಿಗೆ ವಿರುದ್ಧ, ರಾತ್ರಿ ಬರುವ ಗಾಡಿಗೂ ಅಪಾಯ.

ಹಾಗಾದರೆ ಟ್ರ್ಯಾಕ್ ಯಾರಿಗೆ? ಯಾರೂ ತಳ್ಳದ ಕಾಡಿನ ದಾರಿಯಲ್ಲಿ ಸೊಂಟದವರೆಗಿನ ಹಿಮ ದಾಟಿ ಕ್ಯಾಂಪಿಗೆ (ಕಾಡಿನೊಳಗಿನ ಸಣ್ಣ ಮನೆಗೆ) ಹೋಗುವವರಿಗೆ, ಸೌದೆ ಎಳೆಯುವವರಿಗೆ. ಅಲ್ಲಿ ಅದರ ಬದಲಿಗೆ ಇನ್ನೊಂದಿಲ್ಲ. ಭಾರವನ್ನು ಅಷ್ಟು ಅಗಲಕ್ಕೆ ಹಂಚುತ್ತದೆ, ನೀವು ಇಳಿದು ಕಾಲಿಟ್ಟರೆ ಮುಳುಗುತ್ತೀರಿ, ಗಾಡಿ ಮುಳುಗುವುದಿಲ್ಲ. ಆದರೆ ಒಂದೊಂದು ಟ್ರ್ಯಾಕೂ 40–50 ಕಿಲೋ ಬರುತ್ತದೆ. ವೇಗ ತುಂಬಾ ಇಳಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಡ್ರೈವ್ ಬೆಲ್ಟ್ ಬಿಸಿಯಾಗುತ್ತದೆ, ಪವರ್ ಸ್ಟಿಯರಿಂಗ್ ಇಲ್ಲದ ಹಳೇ ಗಾಡಿಯಲ್ಲಿ ತೋಳು ಸೋತುಹೋಗುತ್ತದೆ. ಒದ್ದೆ ಹಿಮದಲ್ಲಿ ಓಡಿಸಿ ಹಾಗೇ ನಿಲ್ಲಿಸಿದರೆ ಬೆಳಿಗ್ಗೆ ಚಕ್ರಗಳ ಸಂದಿಯಲ್ಲಿ ಐಸ್ ಕಟ್ಟಿ ಅಲುಗಾಡುವುದಿಲ್ಲ. ಗಟ್ಟಿ ಐಸ್ ಮೇಲೆ ರಬ್ಬರ್ ಟ್ರ್ಯಾಕೂ ಜಾರುತ್ತದೆ ಅನ್ನುವುದನ್ನು ಅಂಗಡಿಯವರು ಹೇಳಿರಲಿಕ್ಕಿಲ್ಲ. ಟ್ರ್ಯಾಕ್ ಹಾಕಿದ ಗಾಡಿಯನ್ನು ರಸ್ತೆಗೆ ತರಬೇಡಿ. ಟೈರಿನ ಗಾಡಿಯನ್ನೂ ಸ್ವಂತ ಜಾಗ ಬಿಟ್ಟು ಹೊರಗೆ ಒಯ್ಯಬೇಕಾದರೆ ನಂಬರ್ ಪ್ಲೇಟ್, ಇನ್ಶೂರೆನ್ಸ್, ಹೆಲ್ಮೆಟ್ ಬೇಕು.

ಕೆರೆಯ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಟ್ರ್ಯಾಕ್ ಇರಲಿ, ಚೈನ್ ಇರಲಿ, ಈ ವರ್ಷ ಗಾಡಿಯನ್ನು ಐಸ್ ಕಟ್ಟಿದ ನೀರಿನ ಮೇಲೆ ಒಯ್ಯಬೇಡಿ. ಹಿಮದ ಮೇಲೆ ಓಡಿಸುವ ಸ್ನೋಮೊಬೈಲಿಗೇ 25 ಸೆಂಟಿಮೀಟರ್ ಗಟ್ಟಿ ಐಸ್ ಇರಬೇಕು ಅನ್ನುತ್ತದೆ ಕೆನಡಾದ ರೆಡ್ ಕ್ರಾಸ್. ಅದೂ ನೀಲಿ, ತಿಳಿಯಾದ ಐಸ್. ಬಿಳಿ ಐಸಿನ ಬಲ ಅದರ ಅರ್ಧ ಮಾತ್ರ.

ಹಿಮದ ಮೇಲೆ ಗಾಡಿ ಓಡಿಸುವುದು ಇಲ್ಲಿ ಬರೀ ಮೋಜಿನ ವಿಷಯ ಅಲ್ಲ. ಕ್ವಿಬೆಕ್‌ನ ವಾಲ್ಕೂರ್ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಅವರ ಪುಟ್ಟ ಮಗ 1934ರ ಚಳಿಗಾಲದಲ್ಲಿ ತೀರಿಕೊಂಡ. ದಾರಿ ಹಿಮದಿಂದ ಮುಚ್ಚಿತ್ತು, ಆಸ್ಪತ್ರೆಗೆ ಒಯ್ಯಲು ಆಗಲಿಲ್ಲ. ಹಿಮದ ಗಾಡಿಯ ಕೆಲಸವನ್ನು ಅವರು ಬಿಡಲಿಲ್ಲ, 1937ರಲ್ಲಿ ಟ್ರ್ಯಾಕಿನ ಪೇಟೆಂಟ್ ಸಿಕ್ಕಿತು, 1959ರಲ್ಲಿ ಸ್ಕೀ-ಡೂ ಅನ್ನುವ ಸ್ನೋಮೊಬೈಲ್ ಬಂತು. ನಿಮ್ಮ ಮನೆಯಲ್ಲೂ ಸಣ್ಣ ಮಗು ಇದೆ. ಆಂಬುಲೆನ್ಸ್ ಬಾಗಿಲವರೆಗೆ ಬರುವಷ್ಟು ಅಗಲಕ್ಕೆ ದಾರಿ ಸದಾ ತೆರೆದಿಡಿ. ಮನೆಯವರಿಗೂ ಗಾಡಿ ಓಡಿಸಲು, ಪ್ಲೋ ಇಳಿಸಲು ಕಲಿಸಿ. ನೀವು ಕೆಲಸಕ್ಕೆ ಹೋದ ದಿನವೇ ಹಿಮ ಬೀಳುವುದು, ದಾರಿ ತೆರೆಯುವುದು ತಮ್ಮ ಕೈಯಲ್ಲೇ ಇದೆ ಅಂತಾದರೆ ಅವರ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಗಾಳಿ ಸೇರಿದ ಚಳಿ ಮೈನಸ್ 28ಕ್ಕಿಂತ ಕೆಳಗೆ ಇಳಿದರೆ ತೆರೆದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೂಗು, ಕಿವಿ ಮುಚ್ಚಿಕೊಂಡೇ ಕೂತುಕೊಳ್ಳಿ.

ಉಳಿದ ದುಡ್ಡಲ್ಲಿ ಕಾರಿಗೆ ನಾಲ್ಕು ವಿಂಟರ್ ಟೈರ್ ಹಾಕಿಸಿ. ಪರ್ವತದೊಳಗೆ ಹಿಮದ ಹರಳು ಇರುವ ಗುರುತಿನದ್ದು. ಆಲ್-ಸೀಸನ್ ಟೈರೇ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಏಳು ಡಿಗ್ರಿಗಿಂತ ಕೆಳಗೆ ಆ ರಬ್ಬರು ಗಟ್ಟಿಯಾಗತೊಡಗುತ್ತದೆ. ಎಟಿವಿ ಓಡುವುದು ನೂರು ಮೀಟರು, ಮಗುವನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವುದು ಕಾರು.

ಎಟಿವಿ ಟೈರಿನ ಪಕ್ಕದಲ್ಲಿ 25x10-12 ಅನ್ನುವ ತರಹದ ಸಂಖ್ಯೆ ಇರುತ್ತದೆ: ಎತ್ತರ, ಅಗಲ, ರಿಮ್ಮು, ಮೂರೂ ಇಂಚಿನಲ್ಲಿ. ಹಿಂದಿನದೂ ಮುಂದಿನದೂ ಸಾಮಾನ್ಯವಾಗಿ ಬೇರೆ ಬೇರೆ. ಎರಡನ್ನೂ ಬರೆದು ಕಳಿಸಿ, ಗಾಡಿಯ ಮಾಡೆಲ್ ಮತ್ತು ವರ್ಷವೂ ಇರಲಿ. ಯಾವ ಅಳತೆಯ ಚೈನ್ ಕೂರುತ್ತದೆ ನೋಡಿ ಹೇಳುತ್ತೇನೆ. ಶನಿವಾರ ಬಿಡುವಿದ್ದರೆ ನಾನೇ ಬಂದು ಮೊದಲ ಸಲ ಹಾಕಿ ತೋರಿಸುತ್ತೇನೆ, ಮನೆಯವರೂ ಜೊತೆಗೆ ನಿಂತು ನೋಡಲಿ.