ದುಬಾರಿ ಕಥಾಲೋಕದ ಹೋಟೆಲ್‌ ವಾಸವನ್ನು ಅಭಿಮಾನಿಗಳು ಒಪ್ಪಿಕೊಳ್ಳುತ್ತಾರೆಯೇ?

ಬಾಹ್ಯಾಕಾಶದ ಕಥೆ ಹೇಳುವ ಸ್ಟಾರ್ ವಾರ್ಸ್ ಚಿತ್ರಗಳ ಅಭಿಮಾನಿಗಳಿಗಾಗಿ ಡಿಸ್ನಿ ಸಂಸ್ಥೆ ಕಟ್ಟಿದಂಥ, ಒಳಗೆ ಕಾಲಿಟ್ಟ ಗಳಿಗೆಯಿಂದ ಹೊರಡುವ ತನಕ ಕಥೆಯೊಳಗೇ ಇರಿಸಿಕೊಳ್ಳುವ ದುಬಾರಿ ಹೋಟೆಲ್‌ಗಳನ್ನು ಅಭಿಮಾನಿಗಳು ಮನಸಾರೆ ಒಪ್ಪಿಕೊಳ್ಳುತ್ತಾರೆಯೇ, ನಮ್ಮ ಕಡೆ ಅಂಥದ್ದು ನಡೆದೀತೇ, ಅವಕಾಶ ಸಿಕ್ಕರೆ ನೀವಾದರೂ ಹೋಗುತ್ತಿದ್ದಿರಾ ಎಂದು ಕೇಳಿದ್ದೀರಿ. ನಾನು ಕೊಡಗಿನ ನಾಪೋಕ್ಲು ಸಮೀಪ ಕಾಫಿ ತೋಟದ ನಡುವೆ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತೇನೆ. ಆ ಚಿತ್ರಸರಣಿಯನ್ನು ಬಹಳ ವರ್ಷಗಳಿಂದ ಪ್ರೀತಿಸುತ್ತ ಬಂದವನೂ ಹೌದು. ಅಭಿಮಾನಿಗಳು ಒಪ್ಪಿಕೊಳ್ಳುತ್ತಾರೆ, ಒಪ್ಪಿಕೊಂಡಿದ್ದಾರೆ ಕೂಡ. ಆದರೆ ಅವರ ಪ್ರೀತಿಯೊಂದರಿಂದಲೇ ನೂರು ಕೋಣೆಗಳು ವರ್ಷವಿಡೀ ತುಂಬುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನೀವು ಹೇಳುವ ನೂರು ಕೋಣೆಗಳ ಹೋಟೆಲಿನ ಹೆಸರು ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್. ಅಮೆರಿಕದ ಫ್ಲೋರಿಡಾ ರಾಜ್ಯದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 2022ರ ಮಾರ್ಚ್ 1ರಂದು ಆರಂಭವಾದ ಅದು 2023ರ ಸೆಪ್ಟೆಂಬರ್ ಕೊನೆಯಲ್ಲಿ, ಅಂದರೆ ಹತ್ತೊಂಬತ್ತೇ ತಿಂಗಳಲ್ಲಿ, ಬಾಗಿಲು ಮುಚ್ಚಿತು. ಅಲ್ಲಿ ಒಂದೇ ರಾತ್ರಿ ತಂಗಿ ಹೊರಡುವ ಅವಕಾಶವಿರಲಿಲ್ಲ; ಎಲ್ಲ ಅತಿಥಿಗಳೂ ಒಂದೇ ದಿನ ಬಂದು, ಎರಡು ರಾತ್ರಿ ಕಳೆದು, ಒಟ್ಟಿಗೆ ಹೊರಡಬೇಕಿತ್ತು. ಕಟ್ಟಡವೇ ಹಾಲ್ಸಿಯನ್ ಎಂಬ ಆಕಾಶನೌಕೆ. ಬಂದವರನ್ನು ಮೊದಲು ಒಂದು ಚಿಕ್ಕ ಕೋಣೆಯಲ್ಲಿ ನಿಲ್ಲಿಸಿ, ಅದರ ಪರದೆಯ ಮೇಲೆ ನೆಲ ಕೆಳಗೆ ಸರಿದು ನಕ್ಷತ್ರಗಳು ತೆರೆದುಕೊಳ್ಳುವುದನ್ನು ತೋರಿಸಿ, ಬಾಗಿಲು ತೆಗೆಯುವಾಗ ನೌಕೆಯೊಳಗಿರುವಂತೆ ಮಾಡುತ್ತಿದ್ದರು. ಮಲಗುವ ಕೋಣೆಯಲ್ಲೂ ಹೊರಗಿನ ಬೆಳಕು ಬರುವ ಕಿಟಕಿಯಿರಲಿಲ್ಲ. ಕಿಟಕಿಯ ಜಾಗದಲ್ಲಿ ಪರದೆ, ಅದರಾಚೆ ತೇಲುವ ಬಾಹ್ಯಾಕಾಶ. ಬೆಳಕಿನ ಖಡ್ಗದ ತರಬೇತಿ, ನೌಕೆಯ ಚಾಲನಾ ಕೊಠಡಿಯಲ್ಲಿ ಗುಂಪಾಗಿ ಕಲಿಯುವ ಕೆಲಸ, ಊಟದ ಮನೆಯಲ್ಲಿ ಗಾಯಕಿಯ ಹಾಡು, ಒಳಗೊಳಗೇ ಬೆಳೆಯುವ ಬಂಡಾಯದಲ್ಲಿ ನೀವು ಯಾರ ಪಕ್ಷ ಎಂದು ಆರಿಸಿಕೊಳ್ಳುವ ಅವಕಾಶ, ಇವೆಲ್ಲ ಆ ಎರಡು ದಿನಗಳಲ್ಲಿ ಸೇರಿದ್ದವು. ನಾಲ್ವರ ಕುಟುಂಬಕ್ಕೆ ಆರಂಭದ ದರವೇ ಸುಮಾರು 6,000 ಡಾಲರ್. ಆಗಿನ ವಿನಿಮಯ ದರದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿ. ಊಟ ಅದರಲ್ಲೇ ಸೇರಿತ್ತು, ವಿಮಾನದ ಖರ್ಚು ಬೇರೆ.

ಅಲ್ಲಿಗೆ ಹೋಗಿ ಬಂದವರ ಅನುಭವಗಳನ್ನು ನಾನು ಆಸೆಯಿಂದ ಓದಿದ್ದೇನೆ. ಟೀಕಿಸಿದವರಿದ್ದಾರೆ, ನಿಜ. ಆದರೆ ಕಣ್ಣು ತುಂಬಿಕೊಂಡು ಬರೆದವರೂ ಬಹಳ ಮಂದಿ. ತಾವೇ ಹೊಲಿಸಿಕೊಂಡ ಉಡುಪು ತೊಟ್ಟು ಹೋದವರು, ಮೊದಲ ದಿನ ಆಡಿದ ಮಾತನ್ನು ನಟರು ಮರುದಿನ ನೆನಪಿಟ್ಟುಕೊಂಡು ಕೇಳಿದಾಗ ಬೆರಗಾದವರು, ಮುಚ್ಚುವ ಸುದ್ದಿ ಬಂದ ಮೇಲೆ ಕೊನೆಯ ಯಾನಗಳಿಗಾಗಿ ಹಣ ಹೊಂದಿಸಿದವರು. ಆದ್ದರಿಂದ ಅಭಿಮಾನಿಗಳು ಒಲ್ಲೆ ಎಂದರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ತೊಡಕು ಇರುವುದು ಲೆಕ್ಕದಲ್ಲಿ. ಹೋಂಸ್ಟೇ ನಡೆಸುವವನಿಗೆ ಇದು ಬೇಗ ಕಾಣುತ್ತದೆ. ನೂರು ಕೋಣೆ, ಎರಡು ರಾತ್ರಿಗೊಂದು ತಂಡ ಎಂದರೆ ವರ್ಷಕ್ಕೆ ಸುಮಾರು 180 ತಂಡ. ಎಲ್ಲ ಕೋಣೆಗಳೂ ತುಂಬಬೇಕಾದರೆ 18,000 ಕುಟುಂಬಗಳು ಬೇಕು. ಮರುವರ್ಷ ಮತ್ತೆ 18,000, ಅದೂ ಬಹುಪಾಲು ಹೊಸಬರೇ, ಏಕೆಂದರೆ ಕಥೆ ಅದೇ, ಪಾತ್ರಗಳು ಅವೇ, ಕೊನೆಯಲ್ಲಿ ಏನಾಗುತ್ತದೆಂದು ಒಮ್ಮೆ ಹೋದವರಿಗೆ ಗೊತ್ತು. ಜೀವಮಾನದಲ್ಲಿ ಒಮ್ಮೆ ಕೈಗೂಡುವ ಕನಸಿಗೆ ಮನುಷ್ಯ ಸಾಲ ಮಾಡಿಯಾದರೂ ಹಣ ಸುರಿಯುತ್ತಾನೆ. ಆದರೆ ಹೋಟೆಲಿನ ಬದುಕು ನಡೆಯುವುದು ಮತ್ತೆ ಮತ್ತೆ ಬರುವವರಿಂದ. ನನ್ನ ನಾಲ್ಕು ಕೋಣೆಗಳನ್ನು ಸಲಹುತ್ತಿರುವುದು ಹೊಸಬರಲ್ಲ. ಕಾಫಿ ಹೂವಿನ ಕಾಲಕ್ಕೊಮ್ಮೆ, ಮಳೆಗಾಲಕ್ಕೊಮ್ಮೆ ಫೋನ್ ಮಾಡಿ "ಅದೇ ಮೂಲೆಯ ಕೋಣೆ ಖಾಲಿ ಇದೆಯಾ" ಎಂದು ಕೇಳುವ ಹತ್ತಿಪ್ಪತ್ತು ಕುಟುಂಬಗಳು. ಮಾರ್ಚಿನಲ್ಲಿ ಹೂಮಳೆ ಬಿದ್ದ ಮೇಲೆ ತೋಟ ಬೆಳ್ಳಗಾಗುವುದನ್ನು ನೋಡಿದವರು ಆಗಸ್ಟಿನ ಜಡಿಮಳೆ ನೋಡಲು ಬಂದರೆ ಅವರಿಗೆ ಅದು ಬೇರೆಯೇ ಊರು. ಹಾಲ್ಸಿಯನ್ನಿನ ಕಿಟಕಿಯಲ್ಲಿ ಋತು ಬದಲಾಗುತ್ತಿರಲಿಲ್ಲ.

ಇನ್ನೊಂದು ಕಾರಣವನ್ನು ಹೇಳಬೇಕು, ಇದು ನನಗೆ ಕೊಡಗಿನ ಮಾಂದಲ್‌ಪಟ್ಟಿ ಬೆಟ್ಟದಲ್ಲಿ ಹೊಳೆದದ್ದು. 2008ರಲ್ಲಿ ತೆರೆಕಂಡ ಗಾಳಿಪಟ ಚಿತ್ರದ ಚಿತ್ರೀಕರಣ ಅಲ್ಲಿ ನಡೆದ ಮೇಲೆ ಆ ಬೆಟ್ಟಕ್ಕೆ ಚಿತ್ರದೊಳಗಿನ ಊರಿನ ಮುಗಿಲ್‌ಪೇಟೆ ಎಂಬ ಹೆಸರೇ ಅಂಟಿಕೊಂಡಿತು. ಜೀಪಿನಲ್ಲಿ ಮೈ ಕುಲುಕಿಸಿಕೊಂಡು ಮೇಲೆ ಹೋದವರು ಮಂಜಿನಲ್ಲಿ ಕೈ ಚಾಚಿ ನಿಲ್ಲುವುದನ್ನು ಈಗಲೂ ನೋಡಬಹುದು. ನನ್ನ ಅತಿಥಿಗಳನ್ನು ಒಮ್ಮೆ ಕರೆದುಕೊಂಡು ಹೋಗಿದ್ದಾಗ ಒಬ್ಬ ಹುಡುಗಿ ಸುಮಾರು ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿ, "ಇಲ್ಲೇ ಅಲ್ವಾ ಅಂಕಲ್?" ಎಂದಳು. ಆ "ಇಲ್ಲೇ" ಎಂಬ ಪದಕ್ಕಾಗಿ ಅಭಿಮಾನಿ ಎಷ್ಟು ದೂರವಾದರೂ ಬರುತ್ತಾನೆ. ಮಾಲ್ಗುಡಿ ಡೇಸ್ ಧಾರಾವಾಹಿ ಚಿತ್ರೀಕರಣಗೊಂಡ ಆಗುಂಬೆಯ ದೊಡ್ಡಮನೆಗೆ ಜನ ಇಂದಿಗೂ ಹುಡುಕಿಕೊಂಡು ಹೋಗುವುದು, ಅದೇ ಧಾರಾವಾಹಿಯ ರೈಲು ನಿಲ್ದಾಣವಾಗಿದ್ದ ಅರಸಾಳಿನ ಹಳೆಯ ಕಟ್ಟಡ ವಸ್ತುಸಂಗ್ರಹಾಲಯವಾದದ್ದು, ನ್ಯೂಜಿಲೆಂಡಿನ ಮಟಮಟ ಊರಿನ ಬಳಿ ಲಾರ್ಡ್ ಆಫ್ ದಿ ರಿಂಗ್ಸ್ ಚಿತ್ರಗಳಿಗಾಗಿ ಕಟ್ಟಿದ ಹಾಬಿಟ್ ಮನೆಗಳ ಮುಂದೆ ಪ್ರವಾಸಿಗರು ಸಾಲುಗಟ್ಟುವುದು, ಎಲ್ಲದರ ಹಿಂದೆಯೂ ಇದೇ ಇದೆ. ಹಾಲ್ಸಿಯನ್ ನೌಕೆಯಾದರೋ ಯಾವ ಸ್ಟಾರ್ ವಾರ್ಸ್ ಚಿತ್ರದಲ್ಲೂ ಬಂದದ್ದಲ್ಲ. ಜೊತೆಗೆ ಅಲ್ಲಿಯ ಕಥೆ ನಡೆಯುತ್ತಿದ್ದುದು ಇತ್ತೀಚಿನ ಚಿತ್ರಗಳ ಕಾಲದಲ್ಲಿ. ನಾಲ್ಕೂವರೆ ಲಕ್ಷ ಖರ್ಚು ಮಾಡಬಲ್ಲ ವಯಸ್ಸಿನ ಬಹಳ ಮಂದಿಯ ಮನಸ್ಸು ನೆಟ್ಟಿರುವುದು 1977ರಲ್ಲಿ ಆರಂಭವಾದ ಹಳೆಯ ಮೂರು ಚಿತ್ರಗಳಲ್ಲಿ. ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಅವರಿಗೆ ಅಲ್ಲಿ "ಇಲ್ಲೇ" ಎನ್ನಲು ಒಂದು ಮೂಲೆಯೂ ಸಿಗಲಿಲ್ಲ ಎಂದು ನನಗನ್ನಿಸುತ್ತದೆ.

ಕಥೆಯೊಳಗೆ ಇಳಿಯಲು ಸಂಕೋಚಪಡುವವರ ಬಗ್ಗೆಯೂ ಯೋಚಿಸಬೇಕು. ಮನೆಯಲ್ಲಿ ಒಬ್ಬರಿಗೆ ಹುಚ್ಚು ಪ್ರೀತಿ ಇದ್ದರೆ ಉಳಿದ ಮೂವರು ಅವರಿಗಾಗಿ ಜೊತೆಗೆ ಬಂದಿರುತ್ತಾರೆ. ಆ ಮೂವರು ಗೋಡೆಗೊರಗಿ ನಿಂತರೆ ಎರಡು ದಿನ ಬಹಳ ಉದ್ದವಾಗುತ್ತದೆ. ಅವರನ್ನು ಒಳಗೆ ಕರೆಯಬಲ್ಲದ್ದು ಪರದೆಯಲ್ಲ, ಅಲ್ಲಿ ಫೋನಿನಲ್ಲಿ ಬರುತ್ತಿದ್ದ ಸಂದೇಶಗಳೂ ಅಲ್ಲ, ಮನುಷ್ಯರೇ. ನಮ್ಮಲ್ಲಿ ಹೊಸ ಬೆಳೆಯ ಹಬ್ಬವಾದ ಹುತ್ತರಿಯ ಸಮಯ ಪ್ರತಿವರ್ಷ ಕಕ್ಕಬ್ಬೆ ಬಳಿಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಗದಿಯಾಗುತ್ತದೆ. ಆ ಹುಣ್ಣಿಮೆಯ ರಾತ್ರಿ ಪಕ್ಕದ ಐನ್‌ಮನೆಯವರು, ಅಂದರೆ ಕೊಡವ ಮನೆತನದ ಮೂಲಮನೆಯವರು, ನನ್ನ ಅತಿಥಿಗಳನ್ನೂ ಗದ್ದೆಗೆ ಕರೆಯುತ್ತಾರೆ. ಒಂದು ವರ್ಷ ಬೆಂಗಳೂರಿನಿಂದ ಬಂದಿದ್ದ ಒಬ್ಬರು ಗದ್ದೆಯ ಬದುವಿನ ಮೇಲೆ ದೂರದಲ್ಲಿ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಗುಂಡಿನ ಸದ್ದಾಯಿತು, ಕದಿರು ಕೊಯ್ದರು, "ಪೊಲಿ ಪೊಲಿ ದೇವಾ" ಎಂಬ ಕೂಗು ಎದ್ದಿತು, ಅವರು ಬದುವಿನಿಂದ ಕದಲಲಿಲ್ಲ. ಮನೆಗೆ ಮರಳಿದ ಮೇಲೆ ಆ ಮನೆಯ ಹಿರಿಯರು ನಾಲ್ಕು ಕದಿರುಗಳನ್ನು ಎಲೆಗಳ ಜೊತೆ ಅವರ ಕೈಗಿಟ್ಟು, ಕಂಬ ತೋರಿಸಿ, "ಇದನ್ನು ಅಲ್ಲಿ ಕಟ್ಟಿಬಿಡಿ" ಎಂದರು. ಕಟ್ಟಲು ಎರಡು ಕೈಯೂ ಬೇಕಿತ್ತು. ಮೊಬೈಲ್ ಜೇಬಿಗೆ ಹೋಯಿತು, ಆಮೇಲೆ ಊಟ ಮುಗಿಯುವ ತನಕ ಹೊರಗೆ ಬರಲಿಲ್ಲ.

ಹುತ್ತರಿ ಪ್ರದರ್ಶನವಲ್ಲ, ಅದಕ್ಕೆ ನಾನು ಅತಿಥಿಗಳಿಂದ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ, ಯಾರಾದರೂ ಅದನ್ನು ಪ್ಯಾಕೇಜು ಮಾಡಿ ಮಾರಲು ಹೊರಟರೆ ನನಗೆ ನಿಜಕ್ಕೂ ನೋವಾಗುತ್ತದೆ. ಇಲ್ಲಿ ಅದನ್ನು ಹೇಳಿದ್ದು ಅತಿಥಿಯ ಕೈಗೆ ಕೆಲಸ ಕೊಡುವ ಆ ಒಂದು ಗಳಿಗೆಗಾಗಿ. ಸ್ಟಾರ್‌ಕ್ರೂಸರ್‌ನ ನಟರು ದಿನವಿಡೀ ಮಾಡುತ್ತಿದ್ದುದು ಇದನ್ನೇ, ಮತ್ತು ಆ ದರದಲ್ಲಿ ದೊಡ್ಡ ಪಾಲು ಸಲ್ಲುತ್ತಿದ್ದುದು ಇಂಥ ಮನುಷ್ಯರ ಶ್ರಮಕ್ಕೇ ಆಗಿರಬೇಕು. ಕಟ್ಟಡವನ್ನು ಒಮ್ಮೆ ಕಟ್ಟಿದರೆ ಸಾಕು, ನಟರನ್ನು ಪ್ರತಿದಿನ ಬೆಳಗ್ಗೆ ಮತ್ತೆ ಕರೆಯಬೇಕು. ಹಾಗಾಗಿ ಇಂಥ ವಾಸವನ್ನು ಅಗ್ಗ ಮಾಡಲು ಹೊರಟರೆ ಮೊದಲು ಕತ್ತರಿ ಬೀಳುವುದು ಅದರ ಜೀವಕ್ಕೇ.

ನಮ್ಮ ಕಡೆ ನಡೆದೀತೇ ಎಂದಿರಿ. ನೂರು ಕೋಣೆಯದ್ದು ನಡೆಯಲಾರದು. ಎಂಟು ಹತ್ತು ಕೋಣೆಗಳ ಹಳೆಯ ಮನೆ, ವರ್ಷಕ್ಕೆ ಕೆಲವೇ ವಾರಾಂತ್ಯಗಳಲ್ಲಿ ನಡೆಯುವ ಕಥೆ, ಪ್ರತಿ ಸಲವೂ ಬದಲಾಗುವ ಕಥೆ, ಉಳಿದ ದಿನಗಳಲ್ಲಿ ಮಾಮೂಲಿ ಅತಿಥಿಗಳು, ಹೀಗಿದ್ದರೆ ನಡೆಯಬಹುದು. ರಾತ್ರಿ ತಂಗಲಾರದವರಿಗೆ ಒಂದು ಸಂಜೆಯ ಟಿಕೆಟ್ಟನ್ನೂ ಇಡಬೇಕು. ಲಂಡನ್ ಹೊರವಲಯದಲ್ಲಿ 2012ರಲ್ಲಿ ತೆರೆದ ಹ್ಯಾರಿ ಪಾಟರ್ ಸ್ಟುಡಿಯೋ ಪ್ರವಾಸಕ್ಕೆ ಅಭಿಮಾನಿಗಳು ಬೆಳಗ್ಗೆ ಹೋಗಿ, ಚಿತ್ರದಲ್ಲಿ ಬಳಸಿದ ಸೆಟ್ಟುಗಳನ್ನೇ ನೋಡಿ, ಸಂಜೆ ಮರಳುತ್ತಾರೆ. ಖರ್ಚು ಕೈಗೆಟುಕುವಷ್ಟಿರುವುದರಿಂದ ಮತ್ತೊಮ್ಮೆ ಮಕ್ಕಳೊಂದಿಗೆ ಹೋಗುತ್ತಾರೆ.

ಕೊನೆಯದಾಗಿ, ನಾನು ಹೋಗುತ್ತಿದ್ದೆನೇ? ಹೌದು, ಮೂರ್ನಾಲ್ಕು ಕೊಯ್ಲುಗಳ ಉಳಿತಾಯ ಕೂಡಿಟ್ಟು, ಮಗಳನ್ನು ಕರೆದುಕೊಂಡು, ಒಮ್ಮೆ ಹೋಗುತ್ತಿದ್ದೆ. ಎರಡನೆಯ ಸಲ ಅಲ್ಲಿಗೆ ಹೋಗುವ ಭಾಗ್ಯ ಬಂದಿದ್ದರೆ ಹೋಟೆಲಿನ ಬದಲು ಅದೇ ಡಿಸ್ನಿ ವರ್ಲ್ಡ್‌ನಲ್ಲಿ 2019ರಲ್ಲಿ ತೆರೆದ ಗ್ಯಾಲಕ್ಸೀಸ್ ಎಡ್ಜ್ ಎಂಬ ಸ್ಟಾರ್ ವಾರ್ಸ್ ಆವರಣಕ್ಕೆ ದಿನದ ಟಿಕೆಟ್ ಕೊಳ್ಳುತ್ತಿದ್ದೆ. ಅಲ್ಲಿ ಆ ಹಳೆಯ ಚಿತ್ರಗಳ ಮಿಲೇನಿಯಂ ಫಾಲ್ಕನ್ ನೌಕೆ ಪೂರ್ಣ ಗಾತ್ರದಲ್ಲಿ ನಿಂತಿದೆ, ಅದರ ಚಾಲನಾ ಕೊಠಡಿಯಲ್ಲಿ ಒಂದು ಸಲಕ್ಕೆ ಆರು ಜನ ಕುಳಿತು ಅದನ್ನು ಹಾರಿಸಬಹುದು. ಚಾಲಕರ ಸೀಟು ಎರಡೇ. ಒಂದು ಮಗಳಿಗೆ, ಇನ್ನೊಂದು ನನಗೆ.